ಬೆಣ್ಣೆಹಣ್ಣಿನ ಲೆಕ್ಕ

74ನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಮಿಕ್ಸರ್‌ನ ಗುಂಡಿ ತಿರುಗಿಸಿದವನು ನಾನು. ಮುಚ್ಚಳ ಹಾಕಬೇಕೆಂಬುದು ಗೊತ್ತಿತ್ತು. ಅದನ್ನು ಅಂಗೈಯಿಂದ ಒತ್ತಿ ಹಿಡಿಯಬೇಕೆಂಬುದು ಗೊತ್ತಿರಲಿಲ್ಲ. ಅಡುಗೆಮನೆಯ ಗೋಡೆ, ಕ್ಯಾಲೆಂಡರು, ನನ್ನ ಕನ್ನಡಕ ಎಲ್ಲವೂ ತಿಳಿಹಸಿರಾದವು. ಹಾಲ್‌ನಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ನನ್ನಾಕೆ ಅದನ್ನು ಕಂಡು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಹಾಗಾಗಿ ಆ ನಷ್ಟವನ್ನು ನಾನು ನಷ್ಟದ ಖಾತೆಗೆ ಬರೆದುಕೊಳ್ಳಲಿಲ್ಲ.

ಕಳೆದ ಜೂನ್‌ನಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ನಿಂತಿತು. ಇದರ ಜೊತೆಗೆ ನಾನು ಕೇಳಿಯೇ ಇರದ ಇನ್ನೊಂದು ತೊಂದರೆ ಬಂತು. ನೀರು, ಕಾಫಿ, ತಿಳಿಸಾರು ಕುಡಿಸಿದರೆ ಕೆಮ್ಮು. ಗಂಟಲಿನ ಸ್ನಾಯುಗಳು ಸಮಯಕ್ಕೆ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ತೆಳುವಾದದ್ದು ಸರ್ರನೆ ಶ್ವಾಸನಾಳಕ್ಕೆ ಇಳಿಯುತ್ತದಂತೆ. ನುಂಗುವುದನ್ನು ಕಲಿಸಲು ಬಂದ ಥೆರಪಿಸ್ಟ್ ಹುಡುಗಿ ಚಮಚ ಹಿಡಿದು ತೋರಿಸಿದಳು: “ಅಂಕಲ್, ಚಮಚ ಓರೆ ಮಾಡಿದ್ರೆ ನೀರಿನ ಹಾಗೆ ಸುರೀಬಾರ್ದು. ನಿಧಾನಕ್ಕೆ, ಗಟ್ಟಿಯಾಗಿ ಬೀಳ್ಬೇಕು. ಗಂಟು ಇರ್ಬಾರ್ದು. ಐಸ್ ಹಾಕ್ಬೇಡಿ, ಕರಗಿ ತೆಳು ಆಗತ್ತೆ.” ಹೋಗುವ ಮುನ್ನ ಇನ್ನೊಂದು ಮಾತನ್ನೂ ಹೇಳಿದಳು: “ಆಂಟಿಗೆ ಮಾತು ಬರಲ್ಲ ಅಂದ್ರೆ ಅರ್ಥ ಆಗಲ್ಲ ಅಂತಲ್ಲ.” ಅದನ್ನು ತಲೆಯಾಡಿಸಿ ಕೇಳಿಸಿಕೊಂಡೆ, ಅಷ್ಟೆ.

ರಾಗಿ ಗಂಜಿ, ಸೀಕರಣೆ, ಮತ್ತೆ ರಾಗಿ ಗಂಜಿ. ಹತ್ತನೇ ದಿನ ಅವಳು ಬಾಯಿ ಮುಚ್ಚಿಕೊಂಡಳು. ಆಗ ನೆನಪಾದದ್ದು ಬೆಣ್ಣೆಹಣ್ಣು.

ಈಗಿನ ಮಕ್ಕಳು ಅವಕಾಡೊ ಎನ್ನುತ್ತಾರೆ, ಜ್ಯೂಸ್ ಅಂಗಡಿಯವರು ಬಟರ್ ಫ್ರೂಟ್ ಎನ್ನುತ್ತಾರೆ. ಮೂಲತಃ ಮೆಕ್ಸಿಕೊ ಕಡೆಯ ಹಣ್ಣು. ನಮಗೆ ಅದರ ಪರಿಚಯವಾದದ್ದು 1984ರಲ್ಲಿ. ನಾನು ಕೆಲಸ ಮಾಡುತ್ತಿದ್ದ ಬ್ಯಾಂಕು ನನ್ನನ್ನು ಕೊಡಗಿಗೆ ವರ್ಗ ಮಾಡಿತ್ತು. ಅಲ್ಲಿ ಕಾಫಿ ತೋಟದೊಳಗೆ ಕಿತ್ತಳೆ, ಹಲಸಿನ ನಡುವೆ ಈ ಮರವೂ ಇರುತ್ತಿತ್ತು. ಮಳೆ ಹಿಡಿದಾಗ ಹಣ್ಣು ಉದುರಿ ಮರದಡಿ ಕೊಳೆಯುತ್ತಿತ್ತು. ತೋಟದವರು ಪಾಸ್‌ಬುಕ್ ಬರೆಸಲು ಬಂದಾಗ ಒಂದು ಚೀಲ ಕೌಂಟರಿನ ಪಕ್ಕ ಇಟ್ಟು ಹೋಗುವರು. ಈಗ ಅದೇ ಜಿಲ್ಲೆಯ ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಎಂಬ ತಳಿಗಳನ್ನೇ ಕೊಟ್ಟಿದ್ದಾರೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ನಾನು ಕೆ.ಜಿ.ಗೆ 200 ರೂಪಾಯಿ ಎಣಿಸಿದಾಗ ಆ ಚೀಲಗಳೆಲ್ಲ ಕಣ್ಣ ಮುಂದೆ ಬಂದವು.

ಮೊದಲ ಚೀಲ ತಂದ ದಿನ ನಾನು ಮಾವಿನಕಾಯಿಯಂತೆ ಹೋಳು ಮಾಡಿ ಉಪ್ಪು ಖಾರ ಹಚ್ಚಿ ಬಾಯಿಗೆ ಹಾಕಿಕೊಂಡೆ. ಕಹಿ, ಮೇಲೆ ಸೋಪು ಕಚ್ಚಿದ ಹಾಗೆ. “ಇದನ್ನು ಮನುಷ್ಯರು ತಿನ್ನುತ್ತಾರೆಯೇ?” ಎಂದು ಉಗಿದು ಬಂದೆ. ನನ್ನಾಕೆ ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಂಡಳು. ಮಿಕ್ಸರ್ ಇರಲಿಲ್ಲ. ಹಣ್ಣನ್ನು ಬೆರಳಲ್ಲಿ ಕಿವುಚಿ, ಹಾಲು ಸಕ್ಕರೆ ಹಾಕಿ, ಕಡಗೋಲಿನಲ್ಲಿ ಕಡೆದು ಮಕ್ಕಳಿಗೆ ಕೊಟ್ಟಳು. ಇಬ್ಬರಿಗೂ ಹಸಿರು ಮೀಸೆ. ಮುಂದೆ ನಲವತ್ತು ವರ್ಷ ಮಳೆಗಾಲ ಬಂತೆಂದರೆ ಮನೆಯಲ್ಲಿ ಅದು ನಡೆಯಿತು. ಅದು ಹೇಗಾಗುತ್ತದೆ ಎಂದು ನಾನು ಒಂದು ದಿನವೂ ಒಳಗೆ ಬಂದು ನೋಡಲಿಲ್ಲ. ಸಂಬಳ ತರುವುದು ನನ್ನ ಕೆಲಸ, ಉಳಿದದ್ದು ಅವಳದು ಎಂಬ ಲೆಕ್ಕ.

ಪುಣೆಯಲ್ಲಿರುವ ಮಗಳಿಗೆ ಫೋನ್ ಮಾಡಿದೆ. “ಕುಡಿದದ್ದು ನೆನಪಿದೆ ಅಪ್ಪ, ಮಾಡಿದ್ದು ನೋಡಿಲ್ಲ” ಎಂದಳು. ಗೊತ್ತಿದ್ದವಳು ಎದುರಿಗೇ ಕೂತಿದ್ದಳು, ಹೇಳಲಾರಳು.

ಸರಿ, ಒಂದು ಹಳೆಯ ನೋಟ್‌ಬುಕ್ ತೆಗೆದೆ. ಎಡಕ್ಕೆ ಮಾಡಿದ್ದು, ಬಲಕ್ಕೆ ಆದದ್ದು. ಬಿ.ಕಾಂ. ಓದಿದ್ದು ಇಷ್ಟಕ್ಕಾದರೂ ಬಂತು.

ಮೊದಲ ಪುಟ ಪೂರ್ತಿ ಹಣ್ಣು ಹಣ್ಣಾಗಿಸುವುದರಲ್ಲೇ ಹೋಯಿತು. ಈ ಹಣ್ಣು ಮರದಲ್ಲಿ ಬಲಿಯುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ಕಿತ್ತ ಮೇಲೆಯೇ ಹಣ್ಣಾಗುವುದು. ನಾನು ಗಟ್ಟಿ ಕಾಯಿಗಳನ್ನು ಜೋಪಾನವಾಗಿ ಫ್ರಿಜ್‌ನಲ್ಲಿಟ್ಟೆ. ವಾರ ಕಳೆದರೂ ಕಲ್ಲು. ಕೊಯ್ದರೆ ಒಳಗೆ ಬೂದು ಗೆರೆ. ಹೊರಗಿಡಬೇಕು. ಅಕ್ಕಿ ಡಬ್ಬದಲ್ಲೋ, ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲೋ ಇಟ್ಟರೆ ಬೇಗ. ಹಣ್ಣಾಗುವಾಗ ಬಾಳೆಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಇದನ್ನೂ ಹಣ್ಣು ಮಾಡುತ್ತದೆ. ನಮ್ಮ ಕಡೆ ಸಿಗುವುದರಲ್ಲಿ ಹಲವು ಹಣ್ಣಾದರೂ ಹಸಿರಾಗಿಯೇ ಇರುತ್ತವೆ, ಬಣ್ಣ ನಂಬಬೇಡಿ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ಅದುಮಿದರೆ ಸ್ವಲ್ಪ ಬಾಗಬೇಕು. ಬೆರಳ ತುದಿಯಿಂದ ಚುಚ್ಚಿದರೆ ಅಲ್ಲೇ ಕಪ್ಪಾಗುತ್ತದೆ, ಅಂಗಡಿಯವನೂ ಬೈಯುತ್ತಾನೆ.

ಎರಡನೇ ಪುಟದಲ್ಲಿ ನಿಂಬೆರಸದ ಪ್ರಕರಣವಿದೆ. ಕೊಯ್ದ ಹಣ್ಣು ಗಾಳಿ ತಾಗಿ ಕಂದಾಗದಿರಲು ನಿಂಬೆ ಹಿಂಡಿ ಎಂದು ಯಾರೋ ಹೇಳಿದರು. ಮಾತು ನಿಜ. ಅದಕ್ಕೆ ಹಾಲು ಸುರಿಯಲಿದ್ದೇನೆ ಎಂಬುದನ್ನು ಮರೆತಿದ್ದೆ. ಹಾಲು ಒಡೆದು ಗಂಟುಗಂಟಾಯಿತು. ಪೂರ್ತಿ ಚೆಲ್ಲಿದೆ. ಮರುದಿನ, ದುಡ್ಡು ಕೊಟ್ಟ ಹಣ್ಣಲ್ಲವೇ ಎಂದು ಸಿಪ್ಪೆಯ ತನಕ ಕೆರೆದು ಹಾಕಿದೆ. ಕಹಿ. ಸಿಪ್ಪೆಗಂಟಿದ ಕಡುಹಸಿರನ್ನು ಬಿಟ್ಟು, ಬೆಣ್ಣೆ ಬಣ್ಣದ ತಿರುಳನ್ನಷ್ಟೇ ತೆಗೆಯಬೇಕು. ಜಿಪುಣತನಕ್ಕೆ ಇಲ್ಲಿ ಬಡ್ಡಿ ಸಿಗುವುದಿಲ್ಲ.

ಕೊನೆಗೆ ನಿಂತ ಲೆಕ್ಕ ಹೀಗಿದೆ. ಮಧ್ಯಮ ಗಾತ್ರದ ಒಂದು ಹಣ್ಣು. ಕಾಯಿಸಿ ಆರಿಸಿ ಫ್ರಿಜ್‌ನಲ್ಲಿಟ್ಟ ಹಾಲು ಮುಕ್ಕಾಲು ಲೋಟ, ಕೆನೆ ಸಮೇತ. ಸಕ್ಕರೆ ಎರಡು ಚಮಚ. ಮೊದಲು ತಿರುಳು, ಸಕ್ಕರೆ, ನಾಲ್ಕೇ ಚಮಚ ಹಾಲು ಹಾಕಿ ಬೆಣ್ಣೆಯಂತೆ ನುಣ್ಣಗೆ ಮಾಡಬೇಕು. ಆಮೇಲೆ ಉಳಿದ ಹಾಲು ಸುರಿದು ಒಂದೆರಡು ಸುತ್ತು. ಎಲ್ಲ ಹಾಲನ್ನೂ ಮೊದಲೇ ಸುರಿದರೆ ತಿರುಳಿನ ಚೂರುಗಳು ತೇಲುತ್ತಾ ಬ್ಲೇಡಿಗೆ ಸಿಗದೆ ಉಳಿಯುತ್ತವೆ. ನಿಮ್ಮ ಮನೆಯ ಮಕ್ಕಳಿಗಾದರೆ ಒಂದು ಲೋಟ ಹಾಲೂ ಆದೀತು. ನನಗೆ ಚಮಚದ ಪರೀಕ್ಷೆ ಪಾಸಾಗಬೇಕಿತ್ತು. (ನಿಮ್ಮ ಮನೆಯಲ್ಲೂ ನುಂಗುವ ತೊಂದರೆಯವರಿದ್ದರೆ ಎಷ್ಟು ಗಟ್ಟಿ ಇರಬೇಕೆಂದು ಡಾಕ್ಟರನ್ನೇ ಕೇಳಿ. ಒಬ್ಬೊಬ್ಬರಿಗೆ ಒಂದೊಂದು ಅಳತೆ.)

ಗಟ್ಟಿಯಾಯಿತು, ನುಣುಪಾಯಿತು, ಅವಳು ಕೆಮ್ಮಲಿಲ್ಲ. ಆದರೆ ಅರ್ಧಕ್ಕೆ ಕಪ್ಪು ಸರಿಸಿ ತಲೆಯಾಡಿಸುವಳು. ಏನೋ ಕಡಿಮೆ. ಏಲಕ್ಕಿ ಹಾಕಿದೆ, ತಲೆಯಾಡಿಸಿದಳು. ಜೇನು, ವೆನಿಲಾ, ಖರ್ಜೂರ. ನೋಟ್‌ಬುಕ್ಕಿನ ಬಲಗಡೆ ಸಾಲಾಗಿ ‘ಅರ್ಧ’, ‘ಅರ್ಧ’, ‘ಅರ್ಧ’.

ಒಂದು ಮಧ್ಯಾಹ್ನ ನಾನು ಮಿಕ್ಸರ್ ಮುಂದೆ ನಿಂತಿದ್ದಾಗ ಅವಳು ಎಡಗೈ ಚಾಚಿ ಉಪ್ಪಿನ ಡಬ್ಬಿಯ ಮೇಲೆ ತಟ್ಟಿದಳು. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದರು, ಅಡುಗೆ ಸಪ್ಪೆಯಾಗಿತ್ತು. ಮಗುವಿನಂತೆ ಹಟ ಮಾಡುತ್ತಿದ್ದಾಳೆ ಎಂದುಕೊಂಡೆ. ಮತ್ತೆ ತಟ್ಟಿದಳು. “ಇದು ಹಾಲು ಕಣೇ, ಸಾರಲ್ಲ” ಎಂದೆ, ಕಿವುಡರಿಗೆ ಹೇಳುವ ಹಾಗೆ ದೊಡ್ಡದಾಗಿ, ನಿಧಾನವಾಗಿ. ಮೂರನೇ ಸಲ ತಟ್ಟಿದಾಗ ಡಬ್ಬಿಯನ್ನೇ ತೆಗೆದು ಮೇಲಿನ ಶೆಲ್ಫಿಗೆ ಇಟ್ಟುಬಿಟ್ಟೆ. ಅವಳು ನನ್ನನ್ನೇ ನೋಡುತ್ತಿದ್ದಳು. ಆ ರಾತ್ರಿ ಮಗಳ ಹತ್ತಿರ, “ಅಮ್ಮನಿಗೆ ಬುದ್ಧಿಯೂ ಸ್ವಲ್ಪ ಹೋಗಿದೆ ಅನ್ನಿಸುತ್ತೆ” ಎಂದೂ ಹೇಳಿದೆ. ಪಕ್ಕದ ಕೋಣೆಯಲ್ಲಿದ್ದಳು. ಕೇಳಿಸಿರಲಿಕ್ಕೂ ಸಾಕು.

ನಾಲ್ಕು ದಿನದ ಮೇಲೆ ನಾನು ಊಟಕ್ಕೆ ಕೂತಿದ್ದೆ, ಅವಳ ಮುಂದೆ ಕಪ್ಪು. ಮಜ್ಜಿಗೆ ಅನ್ನಕ್ಕೆಂದು ನನ್ನ ತಟ್ಟೆಯ ತುದಿಯಲ್ಲಿ ಚೂರು ಉಪ್ಪಿತ್ತು. ಅವಳು ಎಡಗೈಯ ಎರಡು ಬೆರಳ ತುದಿಗೆ ಹತ್ತಿದಷ್ಟು ಉಪ್ಪು ತೆಗೆದು ತನ್ನ ಕಪ್ಪಿಗೆ ಉದುರಿಸಿಕೊಂಡಳು. ಚಮಚದಲ್ಲಿ ಕಲಕಿದಳು. ಒಂದು ಚಮಚ ತಾನು ತಿಂದಳು. ಇನ್ನೊಂದು ಚಮಚ ತುಂಬಿ, ಕೈ ನಡುಗುತ್ತಿದ್ದರೂ, ನನ್ನ ಬಾಯಿಯ ಹತ್ತಿರ ತಂದಳು.

ಅದೇ ಹಾಲು, ಅದೇ ಹಣ್ಣು. ಸಿಹಿ ಎದ್ದು ಕಾಣುತ್ತಿತ್ತು, ಬಾಯಲ್ಲಿ ಮೊಸರಿನ ಕೆನೆಯಂಥ ಘನ. ಉಪ್ಪು ಇದೆಯೆಂದು ನಾಲಿಗೆಗೆ ಗೊತ್ತೇ ಆಗಲಿಲ್ಲ. ಕೊಡಗಿನ ಆ ಬಾಡಿಗೆ ಮನೆಯಲ್ಲಿ ಮಕ್ಕಳು ಲೋಟ ನೆಕ್ಕುತ್ತಿದ್ದದ್ದು ಇದಕ್ಕೆ. ನಾನು ಮಾತಾಡಲಿಲ್ಲ. ಎದ್ದು ಹೋಗಿ ಡಬ್ಬಿಯನ್ನು ಮೇಲಿನ ಶೆಲ್ಫಿನಿಂದ ಇಳಿಸಿ, ಅವಳ ಕೈಗೆಟಕುವಲ್ಲಿ ಇಟ್ಟೆ. ಬಂದು ನೋಡಿದರೆ ಕಪ್ಪು ಖಾಲಿ. ಮಗಳಿಗೂ ಫೋನ್ ಮಾಡಿದೆ. ಈ ಸಲ ಅವಳ ಪಕ್ಕದಲ್ಲೇ ಕೂತು, ಹೋದ ವಾರ ಹೇಳಿದ್ದು ತಪ್ಪು ಎಂದೆ. ಎಡಗಡೆ ‘ಉಪ್ಪು, ಚಿಟಿಕೆಗಿಂತ ಕಡಿಮೆ’ ಎಂದೂ, ಬಲಗಡೆ ‘ಪೂರ್ತಿ’ ಎಂದೂ ಬರೆದು ತಾರೀಖು ಹಾಕಿದೆ.

ಈಗ ಮಾರುಕಟ್ಟೆಯಲ್ಲಿ ಹಣ್ಣು ಕಡಿಮೆಯಾಗುತ್ತಿದೆ. ಸಿಕ್ಕಿದ್ದನ್ನು ಹಣ್ಣು ಮಾಡಿ, ತಿರುಳು ಕಿವುಚಿ, ಪುಟ್ಟ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕುತ್ತಿದ್ದೇನೆ. ಹಾಗೇ ತಿನ್ನಲು ಅದು ಚೆನ್ನಾಗಿರುವುದಿಲ್ಲ, ಕಡೆಯಲು ಅಡ್ಡಿಯಿಲ್ಲ. ಹನ್ನೊಂದು ಡಬ್ಬಿ ಆಗಿವೆ. ಮುಚ್ಚಳ ಹಾಕುವ ಮೊದಲು ಒಂದೊಂದನ್ನೂ ಅವಳ ಮುಂದೆ ಹಿಡಿಯಬೇಕು. ನಿನ್ನೆ ಒಂದರಲ್ಲಿ ಕಡುಹಸಿರಿನ ಎಳೆ ಕಂಡು ಬೆರಳಿಟ್ಟು ತೋರಿಸಿದಳು. ತೆಗೆದೆ.