ದಂಡಿನ ಬೆಂಗಳೂರು

‘ದಂಡಿಗೆ ಹೋಗಿ ಬರುವುದು’ ಎಂದರೆ ಬೆಂಗಳೂರು ಪೇಟೆಯ ಹಿರಿಯರ ಪಾಲಿಗೆ ಒಂದು ಸಣ್ಣ ಪರದೇಶ ಪ್ರವಾಸವೇ ಆಗಿತ್ತು. ಚಿಕ್ಕಪೇಟೆಯ ಇಕ್ಕಟ್ಟನ್ನು ಹಿಂದಿಟ್ಟು, ಕಬ್ಬನ್ ಪಾರ್ಕಿನ ನೆರಳನ್ನು ಹಾದು ಆಚೆಗೆ ಕಾಲಿಟ್ಟರೆ ರಸ್ತೆಗಳು ಅಗಲವಾಗುತ್ತಿದ್ದವು; ಕಿವಿಗೆ ಬೀಳುವ ಮಾತು ತಮಿಳು, ದಖ್ಖನಿ, ಇಂಗ್ಲಿಷು ಆಗುತ್ತಿತ್ತು. 1881ರಿಂದ 1947ರವರೆಗೆ ಆಡಳಿತವೂ ಬೇರೆಯೇ. ಪೇಟೆ ಮೈಸೂರು ಮಹಾರಾಜರದು, ದಂಡು ಬ್ರಿಟಿಷ್ ರೆಸಿಡೆಂಟರದು. ಒಂದೇ ಹೆಸರಿನ ಈ ಎರಡು ಊರುಗಳ ಪೌರಾಡಳಿತ ಒಂದಾದುದು 1949ರಲ್ಲಿ. ಇಂದು ಆ ಗಡಿಯನ್ನು ಬೆರಳಿಟ್ಟು ತೋರಿಸುವವರು ವಿರಳ. ಆದರೆ ಆಚೆಯವರು ತಮಗಾಗಿ ಕಟ್ಟಿಕೊಂಡ ಕಟ್ಟಡಗಳು ಇನ್ನೂ ನಿಂತಿವೆ. ಅವು ಈಗ ಯಾರವು ಎಂಬ ಪ್ರಶ್ನೆಗೆ ಒಂದೊಂದು ಕಟ್ಟಡವೂ ಒಂದೊಂದು ಬಗೆಯ ಉತ್ತರ ಕೊಡುತ್ತದೆ.

ದಂಡು ಇಲ್ಲಿಗೆ ಬಂದುದಕ್ಕೆ ಕಾರಣ ಜ್ವರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಸೈನ್ಯ ಅಲ್ಲಿಯೇ ಬೀಡುಬಿಟ್ಟಿತು. ಟಿಪ್ಪುವನ್ನು ಗೆದ್ದವರಿಗೆ ಕಾವೇರಿಯ ಸೊಳ್ಳೆಗಳನ್ನು ಗೆಲ್ಲುವುದಾಗಲಿಲ್ಲ. ಮಲೇರಿಯಾದಿಂದ ಕಂಗೆಟ್ಟ ಪಡೆ ಸುಮಾರು 3,000 ಅಡಿ ಎತ್ತರದ, ತಂಪಾದ ಬೆಂಗಳೂರನ್ನು ಆರಿಸಿಕೊಂಡು, 1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ನೆಲೆ ಹೂಡಿತು. ಬಯಲಿನ ನಡುವೆ ಕವಾಯತಿನ ಮೈದಾನ. ಅದರ ಅಂಚಿನ ರಸ್ತೆ ಸೌತ್ ಪೆರೇಡ್. ಅದು 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾಯಿತು. ಇನ್‌ಫೆಂಟ್ರಿ, ಬ್ರಿಗೇಡ್ ಎಂಬ ಹೆಸರುಗಳು ಮಾತ್ರ ಹಾಗೆಯೇ ಉಳಿದುಕೊಂಡುವು. ಬ್ರಿಗೇಡ್ ರಸ್ತೆಯ ಅಂಗಡಿಗಳ ಬೆಳಕಿನಲ್ಲಿ ಅಡ್ಡಾಡುವವರಿಗೆ ಅದು ಸೈನ್ಯದ ಮಾತೆಂಬುದು ನೆನಪಾಗುವುದು ಅಪರೂಪ. ರಸ್ತೆಯ ತುದಿಯಲ್ಲಿ, ಒಂದನೆಯ ಮಹಾಯುದ್ಧದಲ್ಲಿ ಮಡಿದ ಮದರಾಸು ಪಯೋನಿಯರ್ ಪಡೆಯವರ ಸ್ಮಾರಕಸ್ತಂಭ ವಾಹನಗಳ ನಡುವೆ ಒಂಟಿಯಾಗಿ ನಿಂತಿದೆ.

ರೈಲು ಕೂಡ ಮೊದಲು ಬಂದುದು ದಂಡಿಗೇ. 1864ರಲ್ಲಿ ಜೋಲಾರಪೇಟೆಯಿಂದ ಹೊರಟ ಗಾಡಿ ಇಲ್ಲಿಯೇ ನಿಲ್ಲುತ್ತಿತ್ತು. ಪೇಟೆಯ ಕಡೆಗೆ ನಿಲ್ದಾಣವಾದುದು ಆಮೇಲೆ. ಆ ನಿಲ್ದಾಣದ ಕನ್ನಡ ಹೆಸರು ‘ಬೆಂಗಳೂರು ದಂಡು’. ಕಂಟೋನ್ಮೆಂಟ್ ಎಂಬ ಉದ್ದನೆಯ ಪದವನ್ನು ಜನ ಎರಡೇ ಅಕ್ಷರಕ್ಕೆ ಇಳಿಸಿದರು.

ಸೌತ್ ಪೆರೇಡಿನ ಎರಡು ಕೊನೆಗಳಿಗೂ ಒಂದೊಂದು ಚರ್ಚು. ಪಶ್ಚಿಮದ ಸೇಂಟ್ ಮಾರ್ಕ್ಸ್ ಹಿರಿಯದು. 1808ರಲ್ಲಿ ಆರಂಭವಾಗಿ 1812ರಲ್ಲಿ ಮುಗಿದ ಇದು 1923ರಲ್ಲಿ ಬೆಂಕಿಗೆ ಆಹುತಿಯಾಗಿ, 1927ರಲ್ಲಿ ಮತ್ತೆ ತಲೆಯೆತ್ತಿತು. ಪೂರ್ವದ ಹೋಲಿ ಟ್ರಿನಿಟಿ 1851ರದು, ಗೋರಾ ಸಿಪಾಯಿಗಳಿಗಾಗಿ ಕಟ್ಟಿದುದು. ಒಳಗೆ ಗೋಡೆಗಳ ಮೇಲೆ ಸತ್ತವರ ಹೆಸರುಗಳು ಸಾಲುಗಟ್ಟಿವೆ. ಇವುಗಳ ನಡುವೆ ಕನ್ನಡನಾಡಿನ ಓದುಗರಿಗೆ ಸ್ವಾರಸ್ಯವೆನಿಸುವ ಒಂದು ಅಮೃತಶಿಲೆಯ ಸ್ಮಾರಕವಿದೆ. ಅದು ಜನರಲ್ ಕ್ಲೆಮೆಂಟ್ ಹಿಲ್‌ನದು. ಮೈಸೂರು ವಿಭಾಗದ ಸೇನಾಧಿಪತಿಯಾಗಿದ್ದ ಈತ 1845ರಲ್ಲಿ ಗೇರುಸೊಪ್ಪೆಯ ಜಲಪಾತದ ಕಡೆಗೆ ಪ್ರವಾಸ ಹೋದವನು ಮರಳಿ ಬರಲಿಲ್ಲ, ಹೊನ್ನಾವರದಲ್ಲಿ ತೀರಿಕೊಂಡ. ಯುದ್ಧಗಳಲ್ಲಿ ಬದುಕಿ ಉಳಿದವನನ್ನು ಜೋಗದ ದಾರಿ ಕರೆದುಕೊಂಡಿತು! ಟ್ರಿನಿಟಿಯ ಗೋಪುರ ಹಿಂದೆ ರಸ್ತೆಯ ಉದ್ದಕ್ಕೂ ಕಾಣುತ್ತಿತ್ತು. 2011ರಲ್ಲಿ ಮೆಟ್ರೋ ಓಡತೊಡಗಿದ ಮೇಲೆ ಕಾಂಕ್ರೀಟಿನ ಸೇತುವೆ ಆ ನೋಟವನ್ನು ಕತ್ತರಿಸಿತು; ಪ್ರತಿಯಾಗಿ ಅಲ್ಲಿನ ನಿಲ್ದಾಣಕ್ಕೆ ಚರ್ಚಿನ ಹೆಸರನ್ನೇ ಇಟ್ಟಿತು. ನಷ್ಟಕ್ಕೆ ಇದು ಸರಿಯಾದ ಪರಿಹಾರವೆಂದು ಹೇಳುವುದು ಕಷ್ಟ.

ದಂಡಿಗೂ ಪೇಟೆಗೂ ನಡುವಣ ಕಬ್ಬನ್ ಪಾರ್ಕು 1870ರದು. ಅದರ ಅಂಚಿನ ಕೆಂಪು ಕಟ್ಟಡ ಅಠಾರಾ ಕಚೇರಿ, ಎಂದರೆ ಹದಿನೆಂಟು ಇಲಾಖೆಗಳ ಕಚೇರಿ, 1868ರಲ್ಲಿ ಮುಗಿಯಿತು. ನಕ್ಷೆ ರಿಚರ್ಡ್ ಸ್ಯಾಂಕಿಯದು ಎಂಬುದನ್ನು ಪುಸ್ತಕಗಳೆಲ್ಲ ಹೇಳುತ್ತವೆ. ಗುತ್ತಿಗೆ ಹಿಡಿದು ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ವ್ಯಾಪಾರದಿಂದ ಮೇಲೆ ಬಂದ ಅವರು 1873ರಲ್ಲಿ ಬಡಮಕ್ಕಳಿಗೆಂದು ಶಾಲೆಯನ್ನು ತೆರೆದರು. 1980ರ ದಶಕದಲ್ಲಿ ಈ ಅಠಾರಾ ಕಚೇರಿಯನ್ನು ಕೆಡವುವ ಯೋಚನೆ ಬಂದಾಗ ನಾಗರಿಕರು ಎದ್ದುನಿಂತರು. ಎದುರಿಗೆ ವಿಧಾನಸೌಧ 1956ರಿಂದಲೂ ತನ್ನ ಶಿಲಾವೈಭವದಿಂದ ಮೆರೆಯುತ್ತಿದ್ದರೂ, ಹೈಕೋರ್ಟು ಕುಳಿತಿರುವ ಈ ಹಳೆಯ ಕಟ್ಟಡವನ್ನು ಬಿಟ್ಟುಕೊಡಲು ಊರಿನ ಮನಸ್ಸು ಒಪ್ಪಲಿಲ್ಲ.

ಪ್ರತಿಮೆಗಳ ಅದೃಷ್ಟ ಬೇರೆ. 1834ರಿಂದ 1861ರವರೆಗೆ ಮೈಸೂರನ್ನು ಆಳಿದ ಮಾರ್ಕ್ ಕಬ್ಬನ್‌ನ ಕುದುರೆ ಸವಾರಿಯ ಪ್ರತಿಮೆ 1866ರಲ್ಲಿ ಕವಾಯತಿನ ಮೈದಾನದಲ್ಲಿತ್ತು. ಅನಂತರ ಅಠಾರಾ ಕಚೇರಿಯ ಮುಂದೆ ಬಂತು. 2020ರಲ್ಲಿ ಪಾರ್ಕಿನ ಒಳಕ್ಕೆ ಸರಿಯಿತು. ಕುದುರೆ ಕಂಚಿನದಾದರೂ ನಡೆಯುವುದನ್ನು ಬಿಟ್ಟಿಲ್ಲ. 1906ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ರಾಣಿ ಮಾತ್ರ ಪಾರ್ಕಿನ ಮೂಲೆಯಲ್ಲಿ ಕದಲದೆ ನಿಂತಿದ್ದಾಳೆ. ಇನ್ನು ಕ್ಲಬ್ಬುಗಳ ಮಾತು. 1868ರಲ್ಲಿ ಹುಟ್ಟಿದ ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕಪುಸ್ತಕದಲ್ಲಿ ವಿನ್‌ಸ್ಟನ್ ಚರ್ಚಿಲ್ ಬಾಕಿ ಉಳಿಸಿದ 13 ರೂಪಾಯಿ ವಸೂಲಾಗದ ಬಾಬತ್ತಿನಲ್ಲಿ ದಾಖಲಾಗಿದೆ. ಈ ಕಥೆಯನ್ನು ಬೆಂಗಳೂರಿಗರು ಹದಿಮೂರು ರೂಪಾಯಿಗೆ ಮೀರಿದಷ್ಟು ಸಂತೋಷದಿಂದ ಹೇಳಿಕೊಳ್ಳುತ್ತಾರೆ.

ಆದರೆ ದಂಡಿನ ಜೀವ ಈ ಗಂಭೀರ ರಸ್ತೆಗಳಲ್ಲಿಲ್ಲ. ಅದನ್ನು ಕಾಣಲು ಶಿವಾಜಿನಗರಕ್ಕೆ ಹೋಗಬೇಕು. ಸೈನ್ಯಕ್ಕೆ ಮಾಂಸ, ತರಕಾರಿ, ಬಟ್ಟೆ, ಲಾಳ, ಲಗಾಮು ಒದಗಿಸಲು ಬಂದವರು, ಅಡುಗೆ, ಅಗಸಿಕೆ ಮಾಡಲು ಬಂದವರು ಇಲ್ಲಿ ನೆಲೆಸಿದರು. ಇಲ್ಲಿನ ಹಳೆಯ ಹೆಸರು ಬ್ಲ್ಯಾಕ್‌ಪಳ್ಳಿ. ‘ಬಿಳಿ ಅಕ್ಕಿ ಪಳ್ಳಿ’ಯೇ ಹಾಗೆ ಕರಿದಾಯಿತೆಂದು ಹೇಳುವವರಿದ್ದಾರೆ. ಅಬ್ಬೆ ದುಬೋಯಿ 1818ರಲ್ಲಿ ಹುಲ್ಲು ಹೊದಿಸಿದ ಪುಟ್ಟ ಪ್ರಾರ್ಥನಾಮಂದಿರವನ್ನು ಕಟ್ಟಿದ ಸ್ಥಳದಲ್ಲಿ, 1882ರಲ್ಲಿ ಸುಮಾರು 160 ಅಡಿ ಗೋಪುರದ ಸೇಂಟ್ ಮೇರಿ ಇಗರ್ಜಿ ಎದ್ದಿತು. ಸೀರೆಯುಟ್ಟ ಮಾತೆಗೆ ಮೇಣದ ಬತ್ತಿ ಹಚ್ಚಲು ಸೆಪ್ಟೆಂಬರ್ 8ರ ಹಬ್ಬದಲ್ಲಿ ಕ್ರೈಸ್ತರಷ್ಟೇ ಅಲ್ಲ, ಹಿಂದೂ, ಮುಸಲ್ಮಾನ ಮನೆಗಳ ತಾಯಂದಿರೂ ಮಕ್ಕಳನ್ನು ಎತ್ತಿಕೊಂಡು ನಿಲ್ಲುತ್ತಾರೆ.

ಇಗರ್ಜಿಗೆ ಕೂಗಳತೆಯಲ್ಲಿ ರಸೆಲ್ ಮಾರ್ಕೆಟ್ಟು. 1927ರಲ್ಲಿ ಕಟ್ಟಿ, ಪೌರ ಕಮಿಷನರನಾಗಿದ್ದ ರಸೆಲ್‌ನ ಹೆಸರಿಟ್ಟರು. 1933ರಲ್ಲಿ ವ್ಯಾಪಾರಿ ಇಸ್ಮಾಯಿಲ್ ಸೇಟ್ ಉದ್ಘಾಟಿಸಿದರು. ಕಮಾನಿನ ಬಾಗಿಲನ್ನು ಹೊಕ್ಕರೆ ಒಂದು ಕಡೆ ಗುಲಾಬಿಯ ಕಂಪು, ಮತ್ತೊಂದು ಕಡೆ ಮೀನಿನ ವಾಸನೆ. ತಮಿಳಿನಲ್ಲಿ ಬೆಲೆ ಕೇಳಿದರೆ ಉರ್ದುವಿನಲ್ಲಿ ಉತ್ತರ, ಕನ್ನಡದಲ್ಲಿ ಚೌಕಾಶಿ. 2012ರ ಫೆಬ್ರುವರಿಯ ಒಂದು ರಾತ್ರಿ ಬೆಂಕಿ ಬಿದ್ದು ನೂರಕ್ಕೆ ಮೀರಿದ ಅಂಗಡಿಗಳು ಸುಟ್ಟುಹೋದುವು. ಇಂಥ ಹಳೆಯ ಮಾರ್ಕೆಟ್ಟು ಬೆಂಕಿಗೆ ಬಿದ್ದಾಗ ಆ ನೆಲದ ಬೆಲೆ ಎಷ್ಟೆಂದು ಲೆಕ್ಕ ಹಾಕುವವರಿಗೆ ಯಾವ ಊರಿನಲ್ಲೂ ಬರವಿಲ್ಲ. ವ್ಯಾಪಾರಿಗಳು ಕಾಯಲಿಲ್ಲ, ತಮ್ಮ ಹಣವನ್ನೇ ಸುರಿದು ಕರಿದಾದ ಗೋಡೆಗಳನ್ನು ತೊಳೆದು, ಮಾಡನ್ನು ಸರಿಪಡಿಸಿ ಮತ್ತೆ ತಕ್ಕಡಿ ಹಿಡಿದರು. ರಸೆಲ್ ಯಾರೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ! ಮಾರ್ಕೆಟ್ಟು ಮಾತ್ರ ಉಳಿಯಿತು.

ಇಂಥ ದಿಕ್ಕಿಲ್ಲದೆ ಹೋದುವು ಬಂಗಲೆಗಳು. ಕಿಟಕಿಯ ಮೇಲೆ ಚೂಪಾದ ಮರದ ಮಂಕಿಟಾಪು, ಹೆಂಚಿನ ಮಾಡು, ಮುಂದೆ ವಿಶಾಲವಾದ ತೋಟ ಇದ್ದ ಮನೆಗಳು ಒಂದೊಂದಾಗಿ ನೆಲಸಮವಾಗಿ ಬಹುಮಹಡಿಗಳಿಗೆ ದಾರಿ ಬಿಟ್ಟವು. ಒಂದು ಸಂಸಾರದ ಸ್ವತ್ತಾದ ಮನೆ ಪಾಲಿಗೆ ಬಿದ್ದರೆ ಅದನ್ನು ಕಾಯಲು ಊರೇ ಓಡಿಬರುವುದಿಲ್ಲ.

ಅಂಡಮಾನಿನಲ್ಲಿ 1872ರಲ್ಲಿ ಕೊಲೆಯಾದ ವೈಸರಾಯ್ ಮೇಯೋನ ಹೆಸರಿನ ಮೇಯೋ ಹಾಲ್ 1883ರದು. ಅದರ ಮಹಡಿಯಲ್ಲಿ 2011ರಲ್ಲಿ ಕೆಂಪೇಗೌಡರ ವಸ್ತುಸಂಗ್ರಹಾಲಯವನ್ನು ತೆರೆದರು. ಪೇಟೆಯನ್ನು ಕಟ್ಟಿದ ನಾಡಪ್ರಭು ದಂಡಿನ ಸಭಾಂಗಣಕ್ಕೆ ಹೀಗೆ ಬಂದರು. ಹಾಗೆ ನೋಡಿದರೆ ಅವರ ಹೆಸರು ಇಲ್ಲಿ ಮೊದಲಿನಿಂದಲೂ ಇತ್ತು. ಊರಿನ ನಾಲ್ಕು ದಿಕ್ಕಿನ ಕೆಂಪೇಗೌಡ ಗೋಪುರಗಳಲ್ಲಿ ಒಂದು ಹಲಸೂರು ಕೆರೆಯ ಬಳಿ, ಮದರಾಸು ಸ್ಯಾಪರ್ಸ್ ಪಡೆಯ ಆವರಣದಲ್ಲಿ ಬಂಡೆಯ ಮೇಲೆ ನಿಂತಿದೆ. ದಂಡು ಬರುವುದಕ್ಕೆ ಮುಂಚೆಯೇ ಇದ್ದ ಆ ಪುಟ್ಟ ಗೋಪುರವನ್ನು ಹತ್ತಿರದಿಂದ ನೋಡಬೇಕೆಂದರೆ ಇಂದಿಗೂ ದಂಡಿನವರ ಅಪ್ಪಣೆ ಬೇಕು.