ಸುಡೊ ಎಂಬ ವರ
ಲಿನಕ್ಸ್ ಬಳಸುವವರಿಗೆ, ಕಮಾಂಡನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಸುಡೊ ಸರ್ವರೋಗಕ್ಕೂ ಒಂದೇ ಮದ್ದು. ‘ಪರ್ಮಿಷನ್ ಡಿನೈಡ್’ ಎಂದು ಬಂದರೆ ಸಾಕು, ಯಾಕೆ ಎಂದು ಯೋಚಿಸುವ ಮೊದಲೇ ಅದೇ ಕಮಾಂಡಿನ ಮುಂದೆ ಸುಡೊ ಅಂಟಿಸಿ ಎಂಟರ್ ಒತ್ತುತ್ತೇವೆ. 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್ಶಲ್, ಕ್ಲಿಫ್ ಸ್ಪೆನ್ಸರ್ ಇದನ್ನು ಬರೆದಾಗ ನಮ್ಮಂಥವರ ಆತುರ ಅವರ ಲೆಕ್ಕದಲ್ಲಿ ಇದ್ದಿರಲಾರದು.

ಮೊನ್ನೆ ಆಫೀಸಿನ ಹೊಸ ಹುಡುಗಿ ಕರೆದಳು. “ಸರ್, ಸುಡೊ ಹಾಕಿದ್ರೂ ಡಿನೈಡ್ ಅಂತಿದೆ. ಪಾಸ್‌ವರ್ಡೂ ಕೇಳ್ತಿಲ್ಲ.”

ನೋಡಿದೆ. ಸುಡೊ ಎಕೋ, ಸೇರಿಸಬೇಕಾದ ಸಾಲು, ಎರಡು ಗ್ರೇಟರ್ ದ್ಯಾನ್ ಚಿಹ್ನೆ, ಕೊನೆಗೆ ಹೋಸ್ಟ್ಸ್ ಫೈಲು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರವರೆಗೆ ಅರ್ಜಿಯೇ ಹೋಗಿಲ್ಲ. ಆ ಚಿಹ್ನೆ ಕಂಡೊಡನೆ ಫೈಲು ತೆರೆಯಲು ಹೋಗುವುದು ಶೆಲ್ಲು, ಅದಕ್ಕೆ ಅಧಿಕಾರವಿಲ್ಲ. ಅಲ್ಲೇ ಮುಗ್ಗರಿಸುವುದರಿಂದ ಸುಡೊ ಏಳುವುದೇ ಇಲ್ಲ. ಎಕೋವನ್ನು ಹಾಗೇ ಬಿಟ್ಟು, ಪೈಪ್ ಹಾಕಿ, ಆಚೆ ಬದಿಯಲ್ಲಿ ‘ಸುಡೊ ಟೀ’ಗೆ ಮೈನಸ್ ಎ ಸೇರಿಸಿದೆವು, ಆಯಿತು. ‘ಸುಡೊ ಸಿಡಿ’ಯೂ ಕೈಕೊಡುತ್ತದೆ, ಕಾರಣ ಮಾತ್ರ ಬೇರೆ. ಸಿಡಿ ಶೆಲ್ಲಿನ ಹೊಟ್ಟೆಯೊಳಗಿನ ಕಮಾಂಡು. ಹೊರಗೆ ಹುಡುಕುವ ಸುಡೊಗೆ ಸಿಕ್ಕುವುದಿಲ್ಲ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ಈ ವರ ಇರಲಿಲ್ಲ. ಯಾರಾದರೂ ಸುಡೊ ಎಂದರೆ, ನೀವು ಸುಡೋಯರ್ಸ್ ಫೈಲಿನಲ್ಲಿ ಇಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂದು ಪರದೆ ಗದರುತ್ತಿತ್ತು. ಎಲ್ಲರ ಕಣ್ಣೂ ಗಾಜಿನ ಕ್ಯಾಬಿನ್ನಿನ ಕಡೆಗೆ. ಅಲ್ಲಿಂದ ಅಡ್ಮಿನ್ ಮೇಷ್ಟ್ರು ಸಾವಕಾಶವಾಗಿ ಎದ್ದು ಬಂದು, ಕನ್ನಡಕದ ಮೇಲಿನಿಂದ ನೋಡಿ ಕೇಳುತ್ತಿದ್ದುದು ಒಂದೇ: “ಏನಪ್ಪಾ, ಏನ್ ಮಾಡಕ್ ಹೊರಟಿದ್ದೆ?” ಉತ್ತರ ಹೇಳುತ್ತ ಹೇಳುತ್ತಲೇ ಅರ್ಧ ತೊಂದರೆ ಬಗೆಹರಿಯುತ್ತಿತ್ತು.

ಈಗ ಅವರವರ ಲ್ಯಾಪ್‌ಟಾಪಿಗೆ ಅವರವರೇ ಅಡ್ಮಿನ್. ವರದಿ ಬಂದರೂ ನಮ್ಮ ಲಾಗ್ ಫೈಲಿಗೇ ಬಂದು ಬೀಳುತ್ತದೆ, ಅದನ್ನು ನಾವು ಓದುವುದಿಲ್ಲ. ಗದರಿಸುವವರೂ ಇಲ್ಲ, ಕೇಳುವವರೂ ಇಲ್ಲ. ಸ್ವಾತಂತ್ರ್ಯವೇನೋ ಸರಿ, ಆದರೆ ಮೇಷ್ಟ್ರ ಕೆಲಸವೂ ನಮ್ಮ ತಲೆಗೇ ಬಂತು.

ಆದ್ದರಿಂದ ಸುಡೊ ಅಂಟಿಸುವ ಮೊದಲು ಎರರ್ ಸಾಲನ್ನು ಪೂರ್ತಿ ಓದಿ. ಅದು ಬ್ಯಾಶ್ ಎಂದು ಶುರುವಾಗಿದ್ದರೆ ದೂರುತ್ತಿರುವುದು ನಿಮ್ಮ ಶೆಲ್ಲು, ಸುಡೊ ಎಂದಿದ್ದರೆ ಸುಡೊ. ಸುಡೋಯರ್ಸ್ ಫೈಲನ್ನು ಮುಟ್ಟಲೇಬೇಕಾದರೆ ವಿಸುಡೊ ಎಂಬ ಕಮಾಂಡಿನಿಂದಲೇ ಮುಟ್ಟಿ. ತಪ್ಪಿದ್ದರೆ ಉಳಿಸುವ ಮೊದಲೇ ಅದು ಹೇಳುತ್ತದೆ.