ನಾಲ್ಕಡಿಯ ಬಚ್ಚಲು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಹೇಳಿರುವರಷ್ಟೆ. ಕಟ್ಟಿದ ಮನೆಯ ಬಚ್ಚಲನ್ನು ಕೆಡವಿ ಮತ್ತೆ ಕಟ್ಟಿಸಿ ನೋಡು ಎಂಬ ಮೂರನೆಯ ಮಾತನ್ನು ಅವರು ಏತಕ್ಕೆ ಸೇರಿಸಲಿಲ್ಲವೋ ತಿಳಿಯದು. ಪ್ರಾಯಶಃ ಅವರ ಕಾಲದಲ್ಲಿ ಬಚ್ಚಲಿಗೆ ಇಕ್ಕಟ್ಟೆಂಬುದೇ ಇರಲಿಲ್ಲ. ಅಡುಗೆಯ ಮನೆಗೆ ತಾಗಿ ಹಿತ್ತಿಲಿನ ಕಡೆಗೆ ಒಂದು ವಿಶಾಲವಾದ ಮಬ್ಬು ಕೋಣೆ, ಮೂಲೆಯಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ಕೆಳಗೆ ಉಳಿಯ ಪೆಟ್ಟು ಮಾಸದ ಕಲ್ಲುಚಪ್ಪಡಿ. ಎಣ್ಣೆನೀರಿನ ದಿನ ಮನೆಯ ಮಕ್ಕಳೆಲ್ಲರೂ ಒಟ್ಟಿಗೆ ಅದರೊಳಗೆ ಹಿಡಿಸುತ್ತಿದ್ದರು. ಶೌಚಕ್ಕೂ ಆ ಕೋಣೆಗೂ ಯಾವ ಸಂಬಂಧವೂ ಇರಲಿಲ್ಲ. ನಾವು ಈಗಿನವರು ಎರಡನ್ನೂ ಕೂಡಿಸಿ, ಕೈಕಾಲು ತೊಳೆಯುವುದನ್ನೂ ಬಟ್ಟೆ ನೆನೆಸುವುದನ್ನೂ ಅದಕ್ಕೇ ಸೇರಿಸಿ, ಯಾವತ್ತನ್ನೂ ಒಂದು ಪೆಟ್ಟಿಗೆಯಂತಹ ಕೋಣೆಯಲ್ಲಿ ತುಂಬಿದ್ದೇವೆ. ತುಂಬಿದ ಮೇಲೆ ಜಾಗ ಸಾಲದೆಂದು ಗೊಣಗುತ್ತೇವೆ.

ನಾವಿರುವುದು ಬೆಂಗಳೂರಿನ ತೆಂಕಣ ದಿಕ್ಕಿನ ಬೇಗೂರಿನಲ್ಲಿ. ಊರೇನೋ ಬಹಳ ಹಳೆಯದು. ಇಲ್ಲಿಯ ನಾಗೇಶ್ವರ ದೇವಸ್ಥಾನದಲ್ಲಿರುವ, ಒಂಬತ್ತನೆಯ ಶತಮಾನದ ಕೊನೆಯ ಕಾಲದ ಶಾಸನವೊಂದರಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪ ಬಂದಿರುವುದನ್ನು ವಾಚಕರು ಕೇಳಿರಬಹುದು. 2007ರಲ್ಲಿ ಬೇಗೂರು ಮಹಾನಗರ ಪಾಲಿಕೆಯ ಎಲ್ಲೆಯೊಳಕ್ಕೆ ಸೇರಿತು, ಹೊಲಗದ್ದೆಗಳಿದ್ದೆಡೆ ನಿವೇಶನಗಳಾದುವು. ನಮ್ಮದು 20 ಅಡಿ ಅಗಲ, 30 ಅಡಿ ಉದ್ದದ ನಿವೇಶನದಲ್ಲಿ ಕಟ್ಟಿದ ಸಣ್ಣ ಮನೆ. ಅದರ ಬಚ್ಚಲು 4 ಅಡಿ ಅಗಲ, 7 ಅಡಿ ಉದ್ದ. ಎಂದರೆ 28 ಚದರಡಿ. ಶೌಚವೂ ಸ್ನಾನವೂ ಕೂಡಿದ ಕೋಣೆಗೆ ಕನಿಷ್ಠ 2.8 ಚದರ ಮೀಟರು, ಎಂದರೆ ಸುಮಾರು 30 ಚದರಡಿ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮಗೆ ಅದಕ್ಕೂ 2 ಚದರಡಿ ಕಡಮೆ. ಆದರೂ ಇಷ್ಟು ವರ್ಷ ಹೇಗೋ ಹೊಂದಿಕೊಂಡು ಬಂದಿದ್ದೆವು. ನಮ್ಮ ತಾಯಿಯವರು ಅದರಲ್ಲಿ ಬೀಳದೆ ಇದ್ದಿದ್ದರೆ ಇನ್ನೂ ಹಾಗೆಯೇ ಇರುತ್ತಿದ್ದೆವೋ ಏನೋ.

ಅವರಿಗೆ ಎಪ್ಪತ್ತೆಂಟು ವರ್ಷ. ಬೆಳಗಿನ ಐದು ಗಂಟೆಗೆ ಸ್ನಾನವಾಗಬೇಕೆಂಬುದು ಅವರ ಜನ್ಮದ ನೇಮ. ಕಳೆದ ವರ್ಷ ಧನುರ್ಮಾಸದ ಒಂದು ಬೆಳಗ್ಗೆ, ಸ್ನಾನ ಮುಗಿಸಿ ಮಣೆಯಿಂದ ಏಳುವಾಗ, ಆಸರೆಗೆಂದು ಟವಲು ಹಾಕುವ ಸರಳನ್ನು ಹಿಡಿದರು. ಸರಳು ಗೋಡೆಯಿಂದ ಕಿತ್ತು ಬಂದಿತು. ನುಣ್ಣನೆಯ ಟೈಲಿನ ಮೇಲೆ ಕಾಲು ಜಾರಿತು. ಸದ್ದು ಕೇಳಿ ನಾವು ಓಡಿದೆವು. ಒಳಗೆ ಚಿಲಕ; ಬಾಗಿಲು ಒಳಮುಖವಾಗಿ ತೆರೆಯತಕ್ಕದ್ದು; ಆ ಬಾಗಿಲಿಗೇ ಒರಗಿ ಅವರು ಬಿದ್ದಿದ್ದಾರೆ. ಚಿಲಕ ಮುರಿಯುವಂತೆ ನೂಕಿದರೆ ಅವರ ಮೈಗೇ ಪೆಟ್ಟು. ತಿರುಪು ಬಿಚ್ಚೋಣವೆಂದರೆ ಕೀಲುಗಳೆಲ್ಲ ಒಳಗಡೆ. ಕೊನೆಗೆ ನೆರೆಮನೆಯ ಹುಡುಗನೊಬ್ಬನು ಹೊರಗಿನಿಂದ ಏಣಿ ಹಾಕಿ ಗವಾಕ್ಷಿಯ ಗಾಜುಗಳನ್ನು ಒಂದೊಂದಾಗಿ ಕಳಚಿದನು. ಅವನು ಒಳಕ್ಕೆ ಇಳಿಯುವ ಮೊದಲು ನಮ್ಮ ತಾಯಿಯವರ ಧ್ವನಿ ಕೇಳಿಸಿತು: "ಮೊದಲು ಒಂದು ಸೀರೆ ಕೊಡಿ. ಆಮೇಲೆ ಬಾಗಿಲು." ನಮ್ಮ ಮನೆಯಾಕೆ ಏಣಿ ಹತ್ತಿ ಸೀರೆಯನ್ನು ಇಳಿಯಬಿಟ್ಟಳು. ಅವರು ಒಂದೇ ಕೈಯಲ್ಲಿ ಅದನ್ನು ಹೊದೆದುಕೊಳ್ಳುವವರೆಗೆ ಎಲ್ಲರೂ ಕಾದೆವು. ಆ ಕೆಲವು ನಿಮಿಷಗಳನ್ನು ನಾವು ಮರೆಯಲಾರೆವು.

ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರಗಳಲ್ಲಿ ಕೂಡಿಕೊಂಡಿತು. ಕೂಡದೆ ಉಳಿದದ್ದು ಬೇರೊಂದು. ಅವರು ಚಿಲಕ ಹಾಕುವುದನ್ನು ಬಿಟ್ಟರು. ಸೊಸೆ ಬಾಗಿಲ ಹೊರಗೆ ನಿಂತಿದ್ದರೆ ಮಾತ್ರ ಸ್ನಾನ. ಆಕೆಗೆ ತೊಂದರೆಯಾಗಬಾರದೆಂದು ಐದು ಗಂಟೆಯ ಸ್ನಾನ ಹತ್ತು ಗಂಟೆಗೆ ಬಂದಿತು. ಅನಂತರ, "ಇಂದೇಕೋ ಮೈ ಸರಿಯಿಲ್ಲ" ಎಂದು ಎರಡು ದಿನಕ್ಕೊಮ್ಮೆ ಆಯಿತು. ಮೈ ಸರಿಯಾಗಿಯೇ ಇತ್ತೆಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಬಚ್ಚಲನ್ನು ಕೆಡವಿಸುವ ಸಂಕಲ್ಪ ಆಗ ಹುಟ್ಟಿತು.

ಮೇಸ್ತ್ರಿಯನ್ನು ಕರೆಸಿದೆವು. ಆತನು ಬಾಗಿಲಲ್ಲಿ ನಿಂತು ಒಮ್ಮೆ ನೋಡಿ, ಸೇರಿಸಬೇಕಾದುವುಗಳ ಪಟ್ಟಿಯನ್ನು ಒಪ್ಪಿಸಿದನು: ಗಾಜಿನ ಅಡ್ಡಗೋಡೆ, ಬೀರು, ಗೋಡೆ ತುಂಬ ಕನ್ನಡಿ. "ಕನ್ನಡಿ ಹಾಕಿದರೆ ಎರಡರಷ್ಟು ಕಾಣುತ್ತೆ ಸಾರ್" ಎಂದನು. ಕಾಣುವುದೇನೋ ನಿಜ, ಆದರೆ ಕನ್ನಡಿಯಲ್ಲಿ ಕಂಡ ಜಾಗದೊಳಕ್ಕೆ ಕಾಲು ಚಾಚಲು ಆಗುವುದಿಲ್ಲವಷ್ಟೆ! ಇಕ್ಕಟ್ಟಾದ ಕೋಣೆಗೆ ಒಂದೊಂದು ಸೌಕರ್ಯವನ್ನು ಸೇರಿಸಿದಂತೆಲ್ಲ ಅದು ಮತ್ತಷ್ಟು ಇಕ್ಕಟ್ಟಾಗುವುದೆಂಬುದು ನಮಗೆ ಅಂದು ಹೊಳೆಯಿತು. ಆತನನ್ನು ಎರಡು ದಿನ ಬಿಟ್ಟು ಬರಹೇಳಿದೆವು.

1964ರಲ್ಲಿ ಟೋಕಿಯೋ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದಾಗ, ಹೋಟೆಲ್ ನ್ಯೂ ಒಟಾನಿ ಎಂಬ ದೊಡ್ಡ ವಸತಿಗೃಹವನ್ನು ಅವಸರದಲ್ಲಿ ಕಟ್ಟಬೇಕಾಗಿ ಬಂದು, ಅದರ ಸ್ನಾನದ ಕೋಣೆಗಳನ್ನು ಕಾರ್ಖಾನೆಯಲ್ಲಿ ಬಿಡಿಬಿಡಿಯಾಗಿ ಮಾಡಿ ತಂದು ಜೋಡಿಸಿದರಂತೆ. ಹಾಗೆ ಮಾಡಬೇಕಾದರೆ ಯಾವುದು ಎಲ್ಲಿ ಎಂಬುದು ಮೊದಲೇ ಅಂಗುಲದಷ್ಟೂ ತಪ್ಪದಂತೆ ನಿಶ್ಚಯವಾಗಿರಬೇಕು. ನಮ್ಮಲ್ಲಿ ಇಟ್ಟಿಗೆ ಒಡೆದಮೇಲೆ ಯೋಚನೆ ಆರಂಭವಾಗುತ್ತದೆ. ನಮಗೆ ಕಾರ್ಖಾನೆ ಎಲ್ಲಿಂದ ಬರಬೇಕು? ಆದರೆ ರಂಗೋಲಿ ಇತ್ತು. ನಮ್ಮ ಮನೆಯಾಕೆ ಅಂಗಳದಲ್ಲಿ 4 ಅಡಿ, 7 ಅಡಿಯ ಒಂದು ಮನೆ ಬರೆದಳು. ಶೌಚದ ಪೀಠದ ಸ್ಥಾನಕ್ಕೆ ಒಂದು ಕುರ್ಚಿ, ಬಕೆಟ್ಟಿಗೆ ಬಕೆಟ್ಟೇ, ಹಂಡೆಗೆ ಒಂದು ದೊಡ್ಡ ಬುಟ್ಟಿ ಇಟ್ಟಳು. ಬಳಿಕ, "ಅತ್ತೆ, ಒಳಗೆ ಬಂದು ನೋಡಿ" ಎಂದು ಕರೆದಳು.

ನಮ್ಮ ತಾಯಿಯವರು ನಗುತ್ತಲೇ ಗೆರೆ ದಾಟಿ ಒಳಗೆ ಬಂದರು. ಎರಡು ಹೆಜ್ಜೆ ಇಟ್ಟು ಬುಟ್ಟಿಗೆ ತಡೆದು ನಿಂತರು. "ಇದೇನು?" "ಹಂಡೆ, ಅತ್ತೆ." ನಮ್ಮ ಅಜ್ಜಿಯ ಕಾಲದ ಆ ತಾಮ್ರದ ಹಂಡೆಗೆ ಬೆಂಕಿ ಕಂಡು ಇಪ್ಪತ್ತು ವರ್ಷ ಮೀರಿತ್ತು. ಆದರೂ ಅದು ಎರಡು ಅಡಿ ಚೌಕದ ಕಟ್ಟೆಯ ಮೇಲೆ ಮೂಲೆಯನ್ನು ಹಿಡಿದು ಕುಳಿತಿತ್ತು. ತಾಯಿಯವರಿಗೆ ನೋವಾದೀತೆಂದು ಅದರ ಮಾತನ್ನು ನಾವು ಎತ್ತಿರಲಿಲ್ಲ. ಅವರು ನಮ್ಮತ್ತ ತಿರುಗಿ, "ಇದನ್ನು ತೆಗೆಯಲು ನೀನು ಹೆದರುತ್ತಿದ್ದೆಯೇನೋ ಮಗು? ನಾನು ನಿನಗೆ ಇಷ್ಟವಿರಬೇಕೆಂದು ಸುಮ್ಮನಿದ್ದೆ" ಎಂದರು. ಹೀಗೆ ಇಬ್ಬರ ಸಂಕೋಚವೂ ಸೇರಿ ಇಪ್ಪತ್ತು ವರ್ಷ 4 ಚದರಡಿ ಜಾಗವನ್ನು ನುಂಗಿತ್ತು! ಹಂಡೆ ಅಂದೇ ಹೊರಕ್ಕೆ ಬಂದಿತು. ಈಗ ತುಳಸಿಯ ಕಟ್ಟೆಯ ಬಳಿ ಇದೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ತೊಳೆದು, ಕೆಮ್ಮಣ್ಣು ಸುಣ್ಣ ಹಚ್ಚಿ ಅಲಂಕರಿಸುತ್ತೇವೆ.

ರಂಗೋಲಿಯ ಬಚ್ಚಲಲ್ಲಿ ಎರಡು ದಿನ ಓಡಾಡಿದ ಮೇಲೆ ಒಂದು ನಿಯಮ ದೊರೆಯಿತು. ಯಾವ ಯಾವ ಸಾಮಾನು ಹಿಡಿಸೀತೆಂದು ಕೇಳದೆ, ಮನೆಯಲ್ಲಿ ಅತ್ಯಂತ ಅಶಕ್ತರಾದವರು ನಿಲ್ಲಲು, ಕೂರಲು, ಏಳಲು, ಹೊರಳಲು ಎಷ್ಟು ಜಾಗ ಬೇಕೆಂದು ಮೊದಲು ಕೇಳಬೇಕು. ಅಷ್ಟನ್ನು ತೆಗೆದಿಟ್ಟು ಮಿಕ್ಕುದರಲ್ಲಿ ಸಾಮಾನು. ಇದೊಂದು ನಿಶ್ಚಯವಾದೊಡನೆ ಉಳಿದುದೆಲ್ಲ ತಾನಾಗಿ ಹೊಂದಿಕೊಂಡಿತು. ಇದೇ ಇಕ್ಕಟ್ಟಿನಲ್ಲಿರುವ ಗೃಹಸ್ಥರಿಗೆ ಉಪಯೋಗವಾದೀತೆಂದು ನಾವು ಮಾಡಿಸಿದುದನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದು ಬಾಗಿಲು. ಒಳಮುಖವಾಗಿದ್ದುದನ್ನು ಬಡಗಿಯಿಂದ ಹೊರಮುಖ ಮಾಡಿಸಿ, 2 ಅಡಿಯಿದ್ದ ಅಗಲವನ್ನು 2½ ಅಡಿಗೆ ಏರಿಸಿದೆವು. ಬಾಗಿಲು ತಿರುಗಲು ಒಳಗೆ ವ್ಯರ್ಥವಾಗುತ್ತಿದ್ದ ನೆಲವೆಲ್ಲ ನಮ್ಮದಾಯಿತು. ಅದಕ್ಕಿಂತ ಮುಖ್ಯವಾಗಿ, ಒಳಗೆ ಯಾರು ಬಿದ್ದರೂ ಇನ್ನು ಬಾಗಿಲು ತೆರೆಯಬಹುದು. ಚಿಲಕವೇ ಬೇಡವೆಂದು ನಾವು ಹೇಳಿದೆವು. ತಾಯಿಯವರು ಒಪ್ಪಲಿಲ್ಲ: "ಚಿಲಕವಿಲ್ಲದ ಬಚ್ಚಲು ಬೀದಿಯ ನಲ್ಲಿಗೆ ಸಮಾನ." ಕಡೆಗೆ, ಒಳಗಿನಿಂದ ಹಾಕಿದುದನ್ನು ಹೊರಗಿನಿಂದ ಒಂದು ನಾಣ್ಯವನ್ನಿಟ್ಟು ತಿರುಗಿಸಿ ತೆಗೆಯಬಹುದಾದ ಬೀಗವನ್ನು ತಂದೆವು. ಅವರ ಮಾನವೂ ಉಳಿಯಿತು, ನಮ್ಮ ಭಯವೂ ಹೋಯಿತು.

ಎರಡನೆಯದು ಒದ್ದೆಯನ್ನೂ ಒಣಗಿದುದನ್ನೂ ಬೇರ್ಪಡಿಸುವುದು. ಮೊದಲು ಸ್ನಾನದ ಜಾಗ ಬಾಗಿಲ ಬಳಿ, ಶೌಚದ ಪೀಠ ಒಳಕೊನೆಯಲ್ಲಿ ಇದ್ದುದರಿಂದ ಎಲ್ಲರೂ ಒದ್ದೆಯನ್ನು ತುಳಿದೇ ಹೋಗಬೇಕಾಗಿತ್ತು. ಈಗ ಪೀಠ ಮುಂದೆ ಬಂದಿತು. ಒಳಕೊನೆಯ 3 ಅಡಿ, ಗವಾಕ್ಷಿಯ ಕೆಳಗೆ, ಸ್ನಾನಕ್ಕೆ. ಕೊಳಾಯಿ ಕೆಲಸದವನು ಕೊಳವೆಗೆ ಇಳಿಜಾರು ಸಾಲದೆಂದು ಬಹಳ ವಾದಿಸಿದನು, ಮೇಸ್ತ್ರಿ ಸಾಲುತ್ತದೆಂದನು, ನಡುವೆ ಬಡಗಿ ತನ್ನ ಮಾತನ್ನೂ ಸೇರಿಸಿದನು. ಬೇಗೂರಿನ ಕಲ್ಲಿನಲ್ಲಿ ಬರೆಯಿಸಬಹುದಾದ ಕಾಳಗವೇ ಅದು! ನೆಲವನ್ನು ಇನ್ನಷ್ಟು ಅಗೆಸಿ ಸಂಧಿ ಮಾಡಿಸಿದೆವು. ಪೀಠದ ಬೆನ್ನಿಗಿದ್ದ ನೀರಿನ ತೊಟ್ಟಿಯನ್ನು ಹಳೆಯ ಪದ್ಧತಿಯಂತೆ ಗೋಡೆಯ ಮೇಲ್ಭಾಗಕ್ಕೆ ಏರಿಸಿದುದರಿಂದ ಪೀಠ ಗೋಡೆಯತ್ತ ಸರಿದು, ಅದರ ಮುಂದೆ ನಡೆಯುವ ದಾರಿಗೆ 6 ಅಂಗುಲ ಹೆಚ್ಚಿತು. ನಾಲ್ಕಡಿಯ ಕೋಣೆಯಲ್ಲಿ 6 ಅಂಗುಲವೆಂದರೆ ಒಂದು ಸಂಪತ್ತು. ಮುಖ ತೊಳೆಯುವ ಬೇಸಿನ್ನನ್ನು ಹೊರಗಿನ ಓಣಿಗೆ ಸಾಗಿಸಿದೆವು. ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರು ಹಲ್ಲುಜ್ಜಬಹುದಾದ್ದರಿಂದ ಬೆಳಗಿನ ಜಗಳಗಳೂ ಕಡಮೆಯಾದುವು.

ಮೂರನೆಯದು ನೆಲ. ನುಣುಪಾದ ಟೈಲುಗಳನ್ನು ಕೀಳಿಸಿ, ಸ್ನಾನದ ಜಾಗಕ್ಕೆ ಉಳಿಯಿಂದ ಹೊಡೆದ ಸಾದರಹಳ್ಳಿಯ ಬೂದುಗಲ್ಲನ್ನೇ ಹಾಸಿಸಿದೆವು. ಇದು ತಾಯಿಯವರ ಸಲಹೆ: "ನಮ್ಮೂರಿನ ಬಚ್ಚಲ ಕಲ್ಲು ಕಾಲನ್ನು ಹಿಡಿದುಕೊಳ್ಳುತ್ತಿತ್ತು." ಹೊಸ್ತಿಲನ್ನು ಎತ್ತರಿಸಿದರೆ ಕಾಲು ಎಡವುವುದು, ಆದ್ದರಿಂದ ಹೊಸ್ತಿಲಿಲ್ಲದೆ, ಬಾಗಿಲಿಂದ ಒಳಕೊನೆಯವರೆಗೆ ಅಡಿಗೆ ಕಾಲು ಅಂಗುಲದಂತೆ ಇಳಿಜಾರು ಕೊಡಿಸಿದೆವು. ಇದೇನೂ ಹೊಸ ವಿದ್ಯೆಯಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮೊಹೆಂಜೊದಾರೊದ ಮನೆಗಳಲ್ಲಿ ಇಟ್ಟಿಗೆಗಳನ್ನು ಒತ್ತಾಗಿ ಜೋಡಿಸಿ, ಮೋರಿಯ ಕಡೆಗೆ ವಾಟವಾಗಿ ಸ್ನಾನದ ನೆಲವನ್ನು ಕಟ್ಟುತ್ತಿದ್ದರು. ಕಲ್ಲು ಹಾಸುವ ಮುನ್ನ, ನೀರು ಇಂಗದಂತೆ ಮಾಡಿದ ಗಾರೆಯ ಮೇಲೆ ಮೋರಿಯನ್ನು ಮುಚ್ಚಿ, ನೀರು ಕಟ್ಟಿ, ಎರಡು ದಿನ ಇಳಿಯುವುದೋ ಎಂದು ಪರೀಕ್ಷಿಸತಕ್ಕದ್ದು. ಈ ಎರಡು ದಿನಕ್ಕೆ ಬೇಸರಪಟ್ಟವರು ಮುಂದೆ ಹತ್ತು ವರ್ಷ ಗೋಡೆಯ ತೇವವನ್ನು ನೋಡುತ್ತ ಕೂರಬೇಕಾದೀತು.

ನಾಲ್ಕನೆಯದು ಗೋಡೆ. ಮೈಗೆ ತಗಲುವ ಹಲಗೆ, ಬೀರು ಯಾವುದೂ ಬೇಡವೆಂದೆವು. ಹೊರಗೋಡೆ 9 ಅಂಗುಲ ದಪ್ಪವಿದ್ದುದರಿಂದ, ಹಿಂದೆ ದೀಪಕ್ಕೆ ಇಡುತ್ತಿದ್ದಂತೆ ಎರಡು ಸಣ್ಣ ಗೂಡುಗಳನ್ನು ಬಿಡಿಸಿದೆವು. ಸೋಪು, ಸೀಗೆಪುಡಿಯ ಡಬ್ಬಿ ಎಲ್ಲವೂ ಗೋಡೆಯೊಳಗೇ ಕುಳಿತುವು. ತೆಳುವಾದ 4½ ಅಂಗುಲದ ಗೋಡೆಯಲ್ಲಿ ಈ ಸಾಹಸ ಮಾಡಬಾರದು. ಗೀಸರು ಬಾಗಿಲ ನೆತ್ತಿಗೆ ಹೋಯಿತು. ಸ್ನಾನದ ಮೂಲೆಯಲ್ಲಿ ಕುರ್ಚಿಯ ಎತ್ತರಕ್ಕೆ ಒಂದು ಕಲ್ಲಿನ ಜಗಲಿ. ಕೂತವರು ಬಗ್ಗದೆ ತಂಬಿಗೆಯಲ್ಲಿ ನೀರು ತೆಗೆದುಕೊಳ್ಳುವಂತೆ ಬಕೆಟ್ಟಿಗೂ ಒಂದು ಗಿಡ್ಡ ಕಟ್ಟೆ.

ಹಿಡಿಯುವ ಸರಳುಗಳನ್ನು ಎಷ್ಟು ಎತ್ತರಕ್ಕೆ ಹಾಕಬೇಕೆಂಬ ಪ್ರಶ್ನೆ ಬಂದಾಗ ಮೇಸ್ತ್ರಿ ಟೇಪು ಬಿಚ್ಚಿದನು. ನಮ್ಮ ಮನೆಯಾಕೆ ತಡೆದು, ಅತ್ತೆಯವರನ್ನು ಜಗಲಿಯ ಮೇಲೆ ಕೂರಿಸಿ, "ಕಣ್ಣು ಮುಚ್ಚಿಕೊಂಡು ಏಳಿ ಅತ್ತೆ, ಕೈ ಎಲ್ಲಿಗೆ ಹೋಗುತ್ತದೋ ನೋಡೋಣ" ಎಂದಳು. ಅವರು ಎದ್ದರು; ಕೈ ತಾನಾಗಿ ಗೋಡೆಯನ್ನು ಹುಡುಕಿ ಒಂದೆಡೆ ಊರಿತು. ಅಲ್ಲಿ ಇದ್ದಿಲಿನಿಂದ ಗುರುತು ಹಾಕಿದೆವು. ಮೂರು ಸಲ ಎದ್ದರು. ಮೂರು ಸಲವೂ ಹೆಚ್ಚುಕಡಮೆ ಅದೇ ಸ್ಥಳ. ಇಷ್ಟು ವರ್ಷ ಆ ಕೈ ಅಲ್ಲಿ ಆಸರೆಯನ್ನು ಹುಡುಕುತ್ತಲೇ ಇದ್ದಿರಬೇಕು. ನಾವು ಅಲ್ಲಿ ಟವಲಿನ ಸರಳನ್ನು ತೂಗುಹಾಕಿದ್ದೆವು. ಉದ್ದನೆಯ ಬೋಲ್ಟುಗಳನ್ನು ಇಟ್ಟಿಗೆಯೊಳಕ್ಕೆ ಇಳಿಸಿ, ನಾವೇ ಜೋತುಬಿದ್ದು ಪರೀಕ್ಷಿಸಿದ ಮೇಲೆ ಕೆಲಸ ಮುಗಿಯಿತೆಂದೆವು.

ಒಟ್ಟು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ನೆರೆಮನೆಯವರ ಬಚ್ಚಲು ನಮ್ಮನ್ನು ಕಾಪಾಡಿತು. ಕೋಣೆಯ ಅಳತೆ ಈಗಲೂ 28 ಚದರಡಿಯೇ. ಒಂದು ಅಂಗುಲವೂ ಬೆಳೆದಿಲ್ಲ. ಆದರೆ ನೋಡಿದವರೆಲ್ಲ, "ಪಕ್ಕದ ಗೋಡೆಯನ್ನು ಸರಿಸಿದಿರೋ?" ಎಂದು ಕೇಳುತ್ತಾರೆ.

ಹೊಸ ಬಚ್ಚಲು ಒಣಗಿದ ಮರುದಿನ, ಇನ್ನೂ ಕತ್ತಲಿರುವಾಗಲೇ, ನೀರಿನ ಸದ್ದಿಗೆ ನಮಗೆ ಎಚ್ಚರವಾಯಿತು. ಮನೆಯಾಕೆ ಪಕ್ಕದಲ್ಲಿಯೇ ಮಲಗಿದ್ದಾಳೆ. ಬಾಗಿಲ ಬಳಿ ಯಾರೂ ಇಲ್ಲ. ಗಾಬರಿಯಿಂದ ಎದ್ದು ಓಣಿಗೆ ಬಂದೆವು. ಒಳಗೆ ತಂಬಿಗೆಯ ಶಬ್ದ, ನಡುನಡುವೆ ದೇವರನಾಮದ ಗುನುಗು. ಚಿಲಕ ಹಾಕಿತ್ತು. ಗಡಿಯಾರ ನೋಡಿದೆವು: ಐದು ಗಂಟೆ. ಓಣಿಯ ಗೂಟದಲ್ಲಿ ತೂಗುಹಾಕಿದ್ದ ನಾಣ್ಯದ ಚೀಲವನ್ನು ಒಮ್ಮೆ ಮುಟ್ಟಿ ನೋಡಿ, ಸದ್ದಾಗದಂತೆ ಹಿಂದಿರುಗಿ ಮಲಗಿದೆವು.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮನೆಯಲ್ಲಿ ವೃದ್ಧರಿದ್ದರೆ ಈ ಹೊತ್ತೇ ಹೋಗಿ ಬಚ್ಚಲ ಬಾಗಿಲು ಯಾವ ಕಡೆಗೆ ತೆರೆಯುವುದೆಂದು ನೋಡಿ. ಒಳಕ್ಕೆ ತೆರೆಯುವುದಾದರೆ, ಮಿಕ್ಕ ಕೆಲಸಕ್ಕೆ ಹಣ ಕೂಡುವವರೆಗೆ ಕಾಯಬೇಡಿ. ಬಡಗಿಯನ್ನು ನಾಳೆಯೇ ಕರೆಯಿಸಿ.